ಗೆರೆ ಮಗುಚುವ ವಾರ

ಉಮರಗಾ
೨೦ ಜೂನ್ ೨೦೧೬

ಮಗಳೇ ದ್ರೌಪದಿ,

ಫೋನಿನಲ್ಲಿ ನೀನು ಆಡಿದ್ದು ನನಗೆ ಕೇಳುವುದಿಲ್ಲ, ನಾನು ಆಡಿದ್ದು ಪಕ್ಕದ ಓಣಿಗೂ ಕೇಳುತ್ತದೆ ಎಂದು ನಿನ್ನ ಕಾಕಿ ಬೈಯುತ್ತಾಳೆ. ಅದಕ್ಕೇ ಕಾಗದ ಬರೆಯಲು ಕೂತೆ. ನೀನೂ ಕಾಗದದಲ್ಲೇ ಉತ್ತರ ಕೊಡು. ಕಿವಿ ಕೈಕೊಟ್ಟರೂ ಕಣ್ಣು ಇನ್ನೂ ನನ್ನ ಮಾತು ಕೇಳುತ್ತಿದೆ.

ಹೋದ ದೀಪಾವಳಿಗೆ ನಮ್ಮ 'ಗಡಿವಾರ್ತೆ'ಯ ಅಚ್ಚಿನ ಮಷಿನ್ ನಿಲ್ಲಿಸಿ, ಪತ್ರಿಕೆಯನ್ನು ನೀನು ಇಂಟರ್ನೆಟ್ಟಿಗೆ ಹಾಕಿಕೊಟ್ಟೆ. ನೀನು ಕಲಿಸುವ ಕಂಪ್ಯೂಟರ್ ಕ್ಲಾಸಿನವರು ಬೇಡವೆಂದ ಹಳೆ ಕಂಪ್ಯೂಟರನ್ನು ಉದಗೀರದಿಂದ ಬಸ್ಸಿನಲ್ಲಿ ತಂದು ನನ್ನ ಪ್ರೆಸ್ಸಿನ ಕೋಣೆಯಲ್ಲಿ ಕೂರಿಸಿದೆ. ನಾನು ವಾರವಾರ ಸುದ್ದಿ ಬರೆದು ಕಂಡಕ್ಟರನ ಕೈಯಲ್ಲಿ ಕಳಿಸುತ್ತೇನೆ, ನೀನು ಅಲ್ಲಿ ಜೋಡಿಸುತ್ತೀ. ಒಂದು ಕಾಲಂ ತಳದವರೆಗೆ ತುಂಬಿದ ಮೇಲೆಯೇ ಪಕ್ಕದ ಕಾಲಂ ಶುರುವಾಗಬೇಕು, ಪತ್ರಿಕೆ ಎಂದರೆ ಹಾಗೆ, ಎಂದು ಹಟ ಹಿಡಿದಿದ್ದೆ. ಅದನ್ನೂ ಮಾಡಿಕೊಟ್ಟೆ. ಆದರೆ ಎರಡು ಕಾಲಮ್ಮಿನ ನಡುವೆ ನೀನು ಎಳೆದಿರುವ ಗೆರೆ, ಏನು ಮಗಳೇ ಅದು? ಬೂದಿಯಲ್ಲಿ ಕಡ್ಡಿ ಆಡಿಸಿದ ಹಾಗಿದೆ. ಅದನ್ನು ನೋಡಲು ಕನ್ನಡಕ ಒರೆಸಿ ಒರೆಸಿ ಧೋತರದ ಚುಂಗು ಮಾಸಿತು.

ಉಳಿದ ವಾರಗಳಿಗೆ ಹಾಗೇ ಇರಲಿ. ಸೆಪ್ಟೆಂಬರ್ ಮೂವತ್ತರ ವಾರಕ್ಕೆ ಮಾತ್ರ ಅದು ನಡೆಯದು. ತೊಂಬತ್ಮೂರರ ಭೂಕಂಪದ ವರ್ಷದಿಂದ ಆ ವಾರ ನಾವು ಗೆರೆ ಮಗುಚುತ್ತ ಬಂದಿದ್ದೇವೆ. ಪ್ರೆಸ್ಸಿನ ಹಿತ್ತಾಳೆ ಪಟ್ಟಿಯ ಮೇಲಂಚು ತೆಳು, ಬುಡ ದಪ್ಪ ಎಂಬುದು ನಿನಗೆ ನೆನಪಿರಬೇಕು. ಬುಡ ಮೇಲೆ ಮಾಡಿ ಕೂರಿಸಿದರೆ ಕಾಲಮ್ಮಿನ ನಡುವೆ ದಪ್ಪ ಕಪ್ಪು ಗೆರೆ ಬೀಳುತ್ತದೆ. ಕೈಗೆ ಪತ್ರಿಕೆ ಬಂದ ಕೂಡಲೇ, ಓದು ಬಾರದವರಿಗೂ, ಇದು ಸತ್ತವರ ವಾರ ಎಂದು ತಿಳಿಯುತ್ತದೆ. ಕಂಪ್ಯೂಟರಿನಲ್ಲಿ ಗೆರೆ ಮಗುಚಲು ಬರುತ್ತದೋ ಇಲ್ಲವೋ ತಿಳಿಸು.

ಇನ್ನೊಂದು ಮಾತು. ನಮ್ಮ ಮನೆಯ ಸ್ಮರಣೆಯನ್ನು ಪ್ರತಿವರ್ಷ ನಾನೇ ಬರೆಯುತ್ತೇನೆ. ಪೂಜ್ಯ ಅಣ್ಣ ಬಸವಣ್ಣೆಪ್ಪ, ವೈನಿ ಕುಸುಮಬಾಯಿ, ಚಿರಂಜೀವಿ ಭೀಮಾಶಂಕರ, ಮೂವರೂ ನಿದ್ದೆಯಲ್ಲಿದ್ದಾಗಲೇ ಲಿಂಗೈಕ್ಯರಾದರು. ಅದೇ ಪ್ಯಾರಾ, ವರ್ಷ ಮಾತ್ರ ಬದಲು. ನನಗೇ ಬೇಸರ ಬಂದಿದೆ. ನಿನ್ನ ಅಪ್ಪ, ನಿನ್ನ ಅವ್ವ, ನಿನ್ನ ತಮ್ಮ. ಈ ಸಲ ನೀನು ಬರೆ. ಇದುವರೆಗೆ ಒಂದು ಸಲವೂ ಕೇಳಿರಲಿಲ್ಲ, ಈಗ ಕೇಳುತ್ತಿದ್ದೇನೆ.

ಕಣ್ಣು ಇರುವತನಕ ನಿನ್ನ ಅಕ್ಷರಕ್ಕೆ ಕಾಯುವ,
ಕಾಕಾ ವೈಜಿನಾಥ


ಉದಗೀರ
೬ ಜುಲೈ ೨೦೧೬

ಕಾಕಾ,

ನಿಮ್ಮ ಕಾಗದ ಬಂದು ವಾರವಾಯಿತು. ಹೊಸ ಬ್ಯಾಚು ಶುರುವಾಗಿದೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಹುಡುಗಿಯರಿಗೆ ವೆಬ್ ಪೇಜು ಕಟ್ಟುವುದನ್ನು ಹೇಳಿಕೊಟ್ಟು, ಮನೆಗೆ ಬಂದು ಭಕ್ರಿ ಬಡಿಯುವಷ್ಟರಲ್ಲಿ ನನ್ನ ಬೆನ್ನು ನನ್ನದಾಗಿರುವುದಿಲ್ಲ. ತಡವಾಯಿತು ಎಂದು ಸಿಟ್ಟಾಗಬೇಡಿ.

ಗೆರೆ ಮಗುಚಲು ಬರುತ್ತದೆ. ಮಗುಚುವ ಕಷ್ಟವೂ ಇಲ್ಲ. ಕಾಲಮ್ಮಿನ ನಡುವಿನ ಗೆರೆಗೆ ನಾವು ಹೇಳಬೇಕಾದದ್ದು ಮೂರೇ ಮಾತು: ಎಷ್ಟು ದಪ್ಪ, ಯಾವ ಬಗೆ, ಯಾವ ಬಣ್ಣ. ಚುಕ್ಕಿ ಬೇಕೇ, ತುಂಡು ತುಂಡು ಬೇಕೇ, ಜೋಡಿ ಗೆರೆ ಬೇಕೇ, ಎಲ್ಲ ಉಂಟು. ಒಂದು ವ್ಯತ್ಯಾಸ ಮಾತ್ರ ತಿಳಿದಿರಲಿ. ನಿಮ್ಮ ಹಿತ್ತಾಳೆ ಪಟ್ಟಿ ಕೂರಲು ಅದರದೇ ಜಾಗ ಬೇಕಿತ್ತು, ಅದಕ್ಕಾಗಿ ಅಕ್ಷರಗಳನ್ನು ಸರಿಸುತ್ತಿದ್ದಿರಿ. ನನ್ನ ಗೆರೆಗೆ ಸ್ವಂತ ಜಾಗವಿಲ್ಲ. ಎರಡು ಕಾಲಮ್ಮಿನ ನಡುವೆ ಬಿಟ್ಟ ಖಾಲಿಯಲ್ಲೇ ಅದು ನಿಲ್ಲಬೇಕು. ಆ ವಾರಕ್ಕೆ ಕಪ್ಪು ಹಾಕುತ್ತೇನೆ, ನಿಶ್ಚಿಂತೆಯಿಂದ ಇರಿ.

ಬರೆಯುವುದು ಮಾತ್ರ ಬೇಡ.

ನನ್ನ ಅತ್ತೆ ಒಳ್ಳೆಯವರು, ನಿಮಗೆ ಗೊತ್ತು. ಆದರೆ ಮನೆಗೆ ಯಾರೇ ಬರಲಿ, ಚಹಾ ತಂದಿಟ್ಟ ನನ್ನ ಕಡೆ ಕೈ ತೋರಿಸಿ "ಹೀ ಭೂಕಂಪಾತಲೀ" ಎನ್ನುತ್ತಾರೆ. ಭೂಕಂಪದವಳು. ಬಂದವರು ಕಪ್ಪು ಕೆಳಗಿಟ್ಟು ಚ್ಚ್ ಚ್ಚ್ ಅನ್ನುತ್ತಾರೆ. ಮದುವೆಯಾಗಿ ಹತ್ತು ವರ್ಷದ ಮೇಲಾಯಿತು, ಊರಿನ ಅರ್ಧ ಹುಡುಗಿಯರಿಗೆ ಕಂಪ್ಯೂಟರ್ ಕಲಿಸಿದ್ದೇನೆ, ಆದರೂ ನಾನು ಭೂಕಂಪದವಳೇ. ನನಗೆ ಸಾಕಾಗಿದೆ ಕಾಕಾ. ಇನ್ನು ನಾನೇ ಕೂತು ನನ್ನ ಹೆಸರು ಹಾಕಿ ಬರೆದರೆ ಆ ಮಾತಿಗೆ ನಾನೇ ಸಹಿ ಹಾಕಿಕೊಟ್ಟ ಹಾಗೆ.

ಇನ್ನೂ ಒಂದು ಕಾರಣವಿದೆ, ಮುಚ್ಚಿಡುವುದಿಲ್ಲ. ನಿಮ್ಮ ಪ್ಯಾರಾದಲ್ಲಿ ಇರುವ ಹಾಗೆ ನನಗೆ ಬರೆಯಲು ಬರುವುದಿಲ್ಲ. ನಾನು ಬರೆದರೆ ಬೇರೆ ಆಗುತ್ತದೆ, ಅದನ್ನು ಓದಿದರೆ ನಿಮಗೆ ನೋವಾಗುತ್ತದೆ. ಇಷ್ಟಕ್ಕೇ ಬಿಡಿ. ಈ ವರ್ಷವೂ ನೀವೇ ಬರೆದು ಕಳಿಸಿ.

ಕಾಕಿಗೆ ಮೊಣಕಾಲಿನ ಎಣ್ಣೆ ಕಳಿಸಿದ್ದೇನೆ.

ದಣಿದಿರುವ,
ದ್ರೌಪದಿ


ಉಮರಗಾ
೨೪ ಜುಲೈ ೨೦೧೬

ಮಗಳೇ,

ಎಣ್ಣೆ ಮುಟ್ಟಿತು. ನಿನ್ನ ಕಾಕಿ ಹಚ್ಚಿಕೊಂಡು, ಮೊಣಕಾಲು ಹಾಗೇ ಇದೆ, ವಾಸನೆ ಮಾತ್ರ ಘಮಘಮ ಎನ್ನುತ್ತಿದ್ದಾಳೆ.

ನಿನ್ನೆ ನಮ್ಮಿಬ್ಬರ ನಡುವೆ ಕುಸ್ತಿ ಆಯಿತು. ನಾನು ಕಂಪ್ಯೂಟರಿನಲ್ಲಿ ಈ ವಾರದ ಪೇಜು ನೋಡುತ್ತಿದ್ದೆ, ಆಕೆ ಮೊಬೈಲಿನಲ್ಲಿ ಅದೇ ಪೇಜು ತೆಗೆದು ಕೂತಿದ್ದಳು. "ಎಲ್ಲಿ ಅದ ರೀ ನಿಮ್ ಗೆರಿ? ನನ್ನ ಮೊಬೈಲದಾಗ ಒಂದೂ ಇಲ್ಲ" ಎಂದಳು. "ನಿನ್ನ ಮೊಬೈಲ್ ಕೆಟ್ಟದ" ಎಂದೆ. "ಮೊಬೈಲ್ ಕೆಟ್ಟಿಲ್ಲ, ನಿಮ್ ಕಣ್ಣು ಕೆಟ್ಟಾವ" ಎಂದಳು. ಕೊನೆಗೆ ಎದುರಿನ ಝೆರಾಕ್ಸ್ ಅಂಗಡಿಯವನು ಬಂದು ಬಗೆಹರಿಸಿದ. ಮೊಬೈಲಿನ ಕಿರಿದಾದ ಪರದೆಯಲ್ಲಿ ಎರಡು ಕಾಲಂ ಅಕ್ಕಪಕ್ಕ ಹಿಡಿಯುವುದಿಲ್ಲವಂತೆ, ಒಂದರ ಕೆಳಗೆ ಒಂದು ಇಳಿಯುತ್ತವಂತೆ, ಹಾಗಾಗಿ ನಡುವೆ ಗೆರೆಯೂ ಇಲ್ಲ. ಇದು ನಿಜವೇ? ನಿಜವಾದರೆ ನಾನು ಹೊಡೆದಾಡುತ್ತಿರುವ ಗೆರೆಯನ್ನು ನೋಡುವವನು ನಾನೊಬ್ಬನೇ ಆದೆ. ಈಗ ಎಲ್ಲರ ಕೈಯಲ್ಲೂ ಮೊಬೈಲೇ ಇರುವುದು.

ಆಗಲಿ, ನಾನೊಬ್ಬನೇ ನೋಡುತ್ತೇನೆ. ದಪ್ಪ ಮಾಡು. ಬೆರಳಿನಷ್ಟು ದಪ್ಪ ಮಾಡು.

ಮೊದಲ ಸಲ ಗೆರೆ ಮಗುಚಿದವನು ನಾನಲ್ಲ, ನಮ್ಮ ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುವ ರೇವಣಸಿದ್ಧ. ನಾನು ಆಗ ನಮ್ಮ ಹಳ್ಳಿಯಲ್ಲಿ ಬಿದ್ದ ಮನೆಗಳ ಕಲ್ಲು ಎತ್ತುತ್ತಿದ್ದೆ, ಪತ್ರಿಕೆಯ ನೆನಪೂ ನನಗಿರಲಿಲ್ಲ. ನಿನ್ನನ್ನು ಹೆಗಲ ಮೇಲೆ ಹಾಕಿಕೊಂಡು ಉಮರಗಾಕ್ಕೆ ಬಂದಾಗ ಅಂವ ಸಂಚಿಕೆ ಮುಗಿಸಿಟ್ಟಿದ್ದ. "ಮಾಲಕರ, ಸುದ್ದಿ ಬರೀಲಿಕ್ಕ ನನಗ ಬರಂಗಿಲ್ಲ. ಪಟ್ಟಿ ತಿರುವಿ ಇಟ್ಟೀನಿ" ಎಂದ. ಪುಟದ ತುಂಬ ಊರುಗಳ ಹೆಸರು, ಅವುಗಳ ನಡುವೆ ಕಪ್ಪು ಗೆರೆ. ಆವತ್ತಿನಿಂದ ಜನ ತಾವಾಗಿಯೇ ತಮ್ಮವರ ಸ್ಮರಣೆ ತಂದುಕೊಡುತ್ತಿದ್ದರು. ಲೋಹಾರಾದಿಂದ ನಡೆದುಕೊಂಡು ಬಂದು ಕೊಟ್ಟವರಿದ್ದರು.

ಈಗ ಬರುವುದು ಕಡಿಮೆಯಾಗಿದೆ. ನಿಲಂಗಾದ ಕಿರಾಣಿ ವ್ಯಾಪಾರಿ ವಿಶ್ವನಾಥಪ್ಪ ಒಂದು ವರ್ಷವೂ ತಪ್ಪಿಸಿರಲಿಲ್ಲ, ಹೋದ ಚಳಿಗಾಲದಲ್ಲಿ ಅವನೂ ಹೋದ. ಅವನ ಮಗ ಸಿಕ್ಕಿದ್ದ. "ಕಾಕಾ, ನಮಗ ಕನ್ನಡ ಮಾತಾಡ್ಲಿಕ್ಕ ಬರ್ತದ, ಬರೀಲಿಕ್ಕ ಬರಂಗಿಲ್ಲ. ಮರಾಠಿ ಸಾಳಿ ಕಲ್ತೀವಿ" ಎಂದ. ಅವನನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ನೋವಾಗುತ್ತದೆ ಎಂದು ಬರೆದಿದ್ದೀಯಲ್ಲ, ಅದನ್ನು ಓದಿ ನಗು ಬಂತು. ಎಪ್ಪತ್ತು ದಾಟಿದವನಿಗೆ ಯಾವ ಹೊಸ ನೋವು ಕೊಡುತ್ತೀ ನೀನು? ಮೂರು ಜನರನ್ನು ಈ ಕೈಯಿಂದ ಎತ್ತಿ ಮಲಗಿಸಿದ್ದೇನೆ. ನಿನಗೆ ತೋಚಿದ ಹಾಗೆ ಬರೆ, ನಾನು ಓದುತ್ತೇನೆ.

ಹಟಮಾರಿ,
ಕಾಕಾ


ಉದಗೀರ
೧೫ ಆಗಸ್ಟ್ ೨೦೧೬

ಕಾಕಾ,

ಇವತ್ತು ಝಂಡಾ ಮುಗಿಸಿ ಬಂದೆ, ಕ್ಲಾಸಿಗೆ ರಜೆ. ನಿಮ್ಮ ಅಳಿಯ ಸೂರ್ಯಕಾಂತ ಮಗಳನ್ನು ಕರೆದುಕೊಂಡು ಕೋಟೆ ನೋಡಲು ಹೋಗಿದ್ದಾರೆ. ಮನೆಯಲ್ಲಿ ನಾನೊಬ್ಬಳೇ.

ಝೆರಾಕ್ಸ್ ಅಂಗಡಿಯವರು ಹೇಳಿದ್ದು ನಿಜ. ಮೊಬೈಲಿನಲ್ಲಿ ಒಂದೇ ಕಾಲಂ, ಗೆರೆ ಇರುವುದಿಲ್ಲ. ನೀವು ನೋಡುವ ಪರದೆಗಾಗಿಯೇ ನಾನು ಗೆರೆ ಹಾಕುತ್ತಿದ್ದೇನೆ. ಇದನ್ನು ಮೊದಲೇ ಹೇಳಬಹುದಿತ್ತು, ಹೇಳಲು ಮನಸ್ಸಾಗಲಿಲ್ಲ.

ಜೊತೆಗೆ ಎರಡು ಹಾಳೆ ಪ್ರಿಂಟ್ ತೆಗೆದು ಇಟ್ಟಿದ್ದೇನೆ. ಒಂದರಲ್ಲಿ ನೀವು ಕೇಳಿದ ಬೆರಳಿನಷ್ಟು ದಪ್ಪದ ಗೆರೆ ಇದೆ, ನೋಡಿ. ನಡುವಿನ ಖಾಲಿಗಿಂತ ಗೆರೆ ದಪ್ಪವಾದರೆ ಅದು ಎರಡೂ ಬದಿಯ ಅಕ್ಷರಗಳ ಅಡಿಗೆ ನುಗ್ಗುತ್ತದೆ. ಕಪ್ಪಿನ ಮೇಲೆ ಕಪ್ಪು ಬಿದ್ದು ಸಾಲಿನ ಕೊನೆಯ ಅಕ್ಷರಗಳು ಕಾಣುವುದೇ ಇಲ್ಲ. ಸತ್ತವರ ಹೆಸರೇ ಗೆರೆಯಲ್ಲಿ ಮುಳುಗಿದೆ. ಇನ್ನೊಂದರಲ್ಲಿ ಖಾಲಿಯನ್ನು ಅಗಲ ಮಾಡಿ, ಗೆರೆಯನ್ನು ಸ್ವಲ್ಪ ತಗ್ಗಿಸಿದ್ದೇನೆ. ಅದನ್ನೇ ಇಟ್ಟುಕೊಳ್ಳೋಣ.

ಈಗ ನೀವು ಕೇಳಿದ್ದು. ಪತ್ರಿಕೆಗೆ ಬರೆಯುವುದಿಲ್ಲ, ನಿಮಗೆ ಬರೆಯುತ್ತೇನೆ. ಒಂದೇ ಸಲ ಬರೆಯುತ್ತೇನೆ, ಮತ್ತೆ ಕೇಳಬೇಡಿ.

ಅಪ್ಪ ಮತ್ತು ಭೀಮಾಶಂಕರನ ವಿಷಯದಲ್ಲಿ ನಿಮ್ಮ ಪ್ಯಾರಾ ನಿಜವಿರಬೇಕು. ಅವರು ಪಡಸಾಲೆಯಲ್ಲಿ ಮಲಗಿದ್ದರು. ಆ ಕಡೆಯಿಂದ ಒಂದು ಸದ್ದೂ ಬರಲಿಲ್ಲ. ಅವ್ವ ನಿದ್ದೆಯಲ್ಲಿ ಹೋಗಲಿಲ್ಲ ಕಾಕಾ.

ನಾನು ಒಳಗಿನ ಕೋಣೆಯಲ್ಲಿ ಜೋಳದ ಚೀಲಗಳ ಪಕ್ಕದಲ್ಲಿದ್ದೆ. ತೊಲೆ ಚೀಲದ ಮೇಲೆ ಬಿದ್ದು ನನಗೆ ಒಂದಿಷ್ಟು ಸಂದು ಉಳಿಯಿತು. ಅವ್ವನ ಕಾಲ ಮೇಲೆ ಗೋಡೆ ಬಿದ್ದಿತ್ತು. ನನಗೆ ಕೈ ಚಾಚಿದರೆ ಅವ್ವನ ಕೈ ಸಿಗುತ್ತಿತ್ತು. ನಾನು ಅತ್ತೆ. ಅವ್ವ ಹೇಳಿದಳು, "ಅಳಬ್ಯಾಡ, ಬಾಯಾಗ ಮಣ್ಣು ಹೋಗ್ತದ. ನಿಮ್ ಕಾಕಾ ಉಮರಗಾದಿಂದ ಹೊಂಟಿರ್ತಾನ. ಬರ್ತಾನ ಅಂವಾ." ನಾನು ಸುಮ್ಮನಾಗಲಿಲ್ಲ. ಆಗ ಅವ್ವ ಮಗ್ಗಿ ಹೇಳು ಎಂದಳು. ಎರಡರದು, ಮೂರರದು, ಹೀಗೆ. ಏಳರ ಮಗ್ಗಿಯಲ್ಲಿ ನಾನು ಯಾವಾಗಲೂ ತಪ್ಪುತ್ತಿದ್ದೆ. ತಪ್ಪಿದಾಗಲೆಲ್ಲ ಅವ್ವ ತಿದ್ದುತ್ತಿದ್ದಳು, ಮತ್ತೆ ಮೊದಲಿನಿಂದ ಹೇಳು ಎನ್ನುತ್ತಿದ್ದಳು. ನಡುವೆ ನಡುವೆ, "ಕಾಕಾ ಬರ್ತಾನ" ಎನ್ನುತ್ತಿದ್ದಳು. ಕಲ್ಲಿನ ಸಂದಿಯಿಂದ ಬೆಳಕು ಬಂತು. ಬಿಸಿಲಾಯಿತು. ಆಮೇಲೆ ಒಂದು ಸಲ ನಾನು ತಪ್ಪಿದೆ, ಅವ್ವ ತಿದ್ದಲಿಲ್ಲ. ಬೇಕೆಂದೇ ಮತ್ತೆ ತಪ್ಪು ಹೇಳಿದೆ. ಆಗಲೂ ತಿದ್ದಲಿಲ್ಲ.

ನೀವು ಬಂದು ಕಲ್ಲು ಸರಿಸಿದಾಗ ನನಗೆ ಮಾತೇ ಬರುತ್ತಿರಲಿಲ್ಲ. ಆಮೇಲೆ ಉಮರಗಾದಲ್ಲಿ, ಮಾತಾಡಿಸಲು ಬಂದವರಿಗೆಲ್ಲ ನೀವು ಹೇಳುತ್ತಿದ್ದಿರಿ: "ನಿದ್ದ್ಯಾಗೇ ಹೋದ್ರು, ತ್ರಾಸ ಆಗಿಲ್ಲ." ಹೇಳುವಾಗ ನಿಮ್ಮ ಮುಖಕ್ಕೆ ಸ್ವಲ್ಪ ಜೀವ ಬರುತ್ತಿತ್ತು. ಕಾಕಿಯೂ ಅದನ್ನೇ ಹೇಳಿಕೊಂಡು ಸಮಾಧಾನ ಮಾಡಿಕೊಂಡರು. ಏಳು ವರ್ಷದವಳಿಗೂ ತಿಳಿಯಿತು, ಇದನ್ನು ಕೆಡಿಸಬಾರದು ಎಂದು. ಅದಕ್ಕೇ ಹೇಳಲಿಲ್ಲ. ಪ್ರತಿವರ್ಷ ಆ ಪ್ಯಾರಾ ಓದಿ ಸುಮ್ಮನಿದ್ದೆ. ಈ ವರ್ಷ ಅದನ್ನು ನಾನೇ ಬರೆಯಬೇಕು ಎಂದಿರಿ. ಆ ಸುಳ್ಳನ್ನು ನನ್ನ ಕೈಯಿಂದ ಬರೆಯಲು ಆಗುವುದಿಲ್ಲ, ನಿಜ ಬರೆದು ಊರಿಗೆ ಓದಿಸಲೂ ಆಗುವುದಿಲ್ಲ.

ನೀವು ತಡ ಮಾಡಿದಿರಿ ಎಂದು ನಾನು ಒಂದು ದಿನವೂ ಅಂದುಕೊಂಡಿಲ್ಲ. ಇದನ್ನು ಎರಡು ಸಲ ಓದಿ.

ನಿಮ್ಮ,
ದ್ರೌಪದಿ


ಉಮರಗಾ
೧೨ ಸೆಪ್ಟೆಂಬರ್ ೨೦೧೬

ದ್ರೌಪದಿಗೆ ಕಾಕಿ ಕಾಂತಾಬಾಯಿ ಬರೆಸಿದ್ದು.

ಬರೆಯುತ್ತಿರುವವನು ಝೆರಾಕ್ಸ್ ಅಂಗಡಿಯವನು, ಹೆಚ್ಚು ಹೇಳುವ ಹಾಗಿಲ್ಲ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಅದರಲ್ಲಿ ಏನಿದೆ ಎಂದು ಅವರು ನನಗೆ ಓದಿ ಹೇಳಲಿಲ್ಲ. ಊಟಕ್ಕೆ ಕರೆದರೆ ಬಂದು ಕೂರುತ್ತಾರೆ, ಭಕ್ರಿ ಮುರಿದು ಹಾಗೇ ತಟ್ಟೆಯಲ್ಲಿ ಇಡುತ್ತಾರೆ. ಎರಡು ವಾರದಿಂದ ನಿನಗೆ ಸುದ್ದಿಯ ಲಕೋಟೆಯನ್ನೂ ಕಳಿಸಿಲ್ಲ, ನಿನಗೇ ಗೊತ್ತು. ಮೊನ್ನೆ ನಾನು ಜಗಳಕ್ಕೇ ನಿಂತೆ. ಏನಾಗಿದೆ ಹೇಳಿ ಎಂದೆ. "ವೈನಿ ನನ್ನ ಹಾದಿ ನೋಡ್ಯಾಳಂತ" ಎಂದರು.

ನಾನು ನಿನ್ನನ್ನು ಬೈಯುತ್ತಿಲ್ಲ ಮಗಳೇ. ಆ ಮನೆಯ ಮಾತು ಹೊತ್ತು ನೀನೂ ಸಣ್ಣವಳಿದ್ದಾಗಿನಿಂದ ಎಷ್ಟು ಸೊರಗಿದ್ದೀ ಎಂದು ಈಗ ಲೆಕ್ಕ ಹಾಕುತ್ತಿದ್ದೇನೆ. ಅವರಿಗೆ ಒಂದು ಕಾಗದ ಹಾಕು.

ಕಾಕಿ


ಉದಗೀರ
೧೯ ಸೆಪ್ಟೆಂಬರ್ ೨೦೧೬

ಕಾಕಾ,

ಬರೆಯಬಾರದಿತ್ತು ಎಂದು ನನಗೆ ಅನ್ನಿಸುತ್ತಿಲ್ಲ. ಬರೆದದ್ದರಿಂದ ಹಗುರವೂ ಆಗಿಲ್ಲ. ಹೇಳಿದರೆ ಹಗುರಾಗುತ್ತದೆ ಎಂದು ಜನ ಯಾಕೆ ಹೇಳುತ್ತಾರೋ.

ಮೂವತ್ತನೇ ತಾರೀಖಿನ ಪೇಜು ತಯಾರಾಗುತ್ತಿದೆ. ಕಾಸಾರಶಿರಸಿಯಿಂದ ಎರಡು ಸ್ಮರಣೆ ಬಂದಿವೆ, ಲೋಹಾರಾದಿಂದ ಒಂದು. ಅವುಗಳಲ್ಲಿ ಒಂದು ಮರಾಠಿಯಲ್ಲಿದೆ, ಅದನ್ನೂ ಹಾಕುತ್ತೇನೆ. ನಿಮ್ಮದು ಇನ್ನೂ ಬಂದಿಲ್ಲ. ಹಳೆಯ ಪ್ಯಾರಾ ನನ್ನ ಬಳಿ ಇದೆ. ನೀವು ಹೂಂ ಅಂದರೆ ಅದನ್ನೇ ಹಾಕುತ್ತೇನೆ, ನನ್ನದೇನೂ ತಕರಾರಿಲ್ಲ. ನೀವು ಏನೂ ಹೇಳದಿದ್ದರೆ ನಾನಾಗಿ ಹಾಕುವುದಿಲ್ಲ.

ಊಟ ಮಾಡಿ.

ದ್ರೌಪದಿ


ಉಮರಗಾ
೧ ಅಕ್ಟೋಬರ್ ೨೦೧೬

ದ್ರೌಪದಿ,

ನಿನ್ನೆ ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕಂಪ್ಯೂಟರ್ ಮುಂದೆ ಕೂತೆ. ಪೇಜು ತೆರೆಯಿತು. ಗೆರೆ ಇಲ್ಲ.

ಮೊದಲು ಇಂಟರ್ನೆಟ್ ನಿಧಾನ ಇದೆ, ಬರುತ್ತದೆ ಎಂದು ಕಾದೆ. ಮುಚ್ಚಿ ಮತ್ತೆ ತೆರೆದೆ. ಅಂಗಡಿಯವನನ್ನು ಕರೆದು ತೋರಿಸಿದೆ. ಅವನೂ ಇಲ್ಲ ಎಂದ. ದಪ್ಪ ಗೆರೆ ಹೋಗಲಿ, ವಾರವಾರ ಇರುತ್ತಿದ್ದ ಆ ಬೂದಿ ಗೆರೆಯೂ ಇಲ್ಲ. ಎಡಗಡೆ ಮೂರು ಸ್ಮರಣೆ, ಬಲಗಡೆ ಬಟ್ಟಬಯಲು.

ನನ್ನ ಮೇಲೆ ಸಿಟ್ಟಿದ್ದರೆ ನನಗೇ ಬೈ. ಕಾಕಾ ಬರುತ್ತಾನೆ ಅಂದಳು, ಕಾಕಾ ಬರಲಿಲ್ಲ, ಎಂದು ಮುಖದ ಮೇಲೆ ಬೈ. ನನ್ನ ಮೇಲಿನ ಸಿಟ್ಟನ್ನು ಸತ್ತವರ ಮೇಲೆ ಯಾಕೆ ತೀರಿಸಿಕೊಂಡೆ? ಕಾಸಾರಶಿರಸಿಯವರು ಏನು ಮಾಡಿದ್ದರು ನಿನಗೆ? ಇಷ್ಟು ವರ್ಷ ಒಂದು ಸಲವೂ ತಪ್ಪದೆ ಮಗುಚಿದ ಗೆರೆ, ನಿನ್ನ ಕೈಗೆ ಕೊಟ್ಟ ಮೊದಲ ವರ್ಷವೇ ಹೋಯಿತು. ಭೂಕಂಪದವಳು ಅನ್ನಿಸಿಕೊಳ್ಳಲು ಬೇಸರ ಎಂದು ನೀನು ಬರೆದಿದ್ದೆ. ಗೆರೆ ತೆಗೆದರೆ ಅದು ಅಳಿಸುತ್ತದೆ ಎಂದುಕೊಂಡೆಯಾ?

ಇನ್ನು ಈ ಪತ್ರಿಕೆ ಸಾಕು. ಕಂಪ್ಯೂಟರನ್ನು ಬಸ್ಸಿಗೆ ಹಾಕಿ ಕಳಿಸುತ್ತೇನೆ.

ವೈಜಿನಾಥ


ಉದಗೀರ
೬ ಅಕ್ಟೋಬರ್ ೨೦೧೬

ಕಾಕಾ,

ಕಾಗದವನ್ನು ಕ್ಲಾಸಿನಲ್ಲೇ ಓದಿ ಬಚ್ಚಲಿಗೆ ಹೋಗಿ ಅತ್ತೆ. ಆಮೇಲೆ ಸಿಟ್ಟು ಬಂತು. ಈಗ ಎರಡೂ ಇಲ್ಲ, ಹೇಳಬೇಕಾದ್ದನ್ನು ಹೇಳುತ್ತೇನೆ.

ನಾನು ಗೆರೆ ತೆಗೆದಿಲ್ಲ. ಕಪ್ಪು, ದಪ್ಪ, ಎಲ್ಲ ಬರೆದಿಟ್ಟಿದ್ದೇನೆ, ಈಗಲೂ ಅಲ್ಲೇ ಇದೆ. ಆದರೆ ಈ ಗೆರೆಯ ನಿಯಮ ಬೇರೆ. ಪಟ್ಟಿಯನ್ನು ನೀವು ಎಲ್ಲಿ ಬೇಕಾದರೂ ಕೂರಿಸಬಹುದಿತ್ತು, ಪಕ್ಕದಲ್ಲಿ ಅಕ್ಷರ ಇರಲಿ ಬಿಡಲಿ. ಇದು ಹಾಗಲ್ಲ. ಎಡಗಡೆಯೂ ಬಲಗಡೆಯೂ ಬರಹ ಇದ್ದರೆ ಮಾತ್ರ ನಡುವೆ ಗೆರೆ ಮೂಡುತ್ತದೆ. ಒಂದು ಕಡೆ ಖಾಲಿ ಇದ್ದರೆ ಬರುವುದಿಲ್ಲ.

ಒಂದು ಕಾಲಂ ತಳದವರೆಗೆ ತುಂಬಿದ ಮೇಲೆಯೇ ಇನ್ನೊಂದು ಎಂದು ನೀವು ಹೇಳಿದ್ದಿರಿ. ಬಂದದ್ದು ಮೂರೇ ಸ್ಮರಣೆ, ಮೂರೂ ಎಡಗಡೆಯೇ ಮುಗಿದವು. ಬಲಗಡೆಗೆ ಹರಿಯಲು ಏನೂ ಉಳಿಯಲಿಲ್ಲ. ನಿಮ್ಮ ಪ್ಯಾರಾ ಬಂದಿದ್ದರೆ ಅದು ಬಲಗಡೆ ಬೀಳುತ್ತಿತ್ತು, ಗೆರೆಯೂ ಬರುತ್ತಿತ್ತು. ನೀವು ಕಳಿಸಲಿಲ್ಲ. ನಾನು ಮೂವತ್ತರ ಬೆಳಗಿನವರೆಗೂ ಕಂಡಕ್ಟರನನ್ನು ಕೇಳಿದೆ.

ಬೇರೆ ದಾರಿ ಇತ್ತು, ಅದನ್ನೂ ಹೇಳಿಬಿಡುತ್ತೇನೆ. ಇದ್ದಷ್ಟನ್ನೇ ಎರಡೂ ಕಡೆ ಸಮನಾಗಿ ಹಂಚು ಎಂದು ಹೇಳಿದ್ದರೆ ಸಾಕಿತ್ತು, ಇಲ್ಲವೇ ಗೆರೆಯನ್ನು ಬೇರೆಯಾಗಿ ಎಳೆದು ನಿಲ್ಲಿಸಬಹುದಿತ್ತು. ನಿಮ್ಮನ್ನು ಕೇಳದೆ ಹಂಚಲು ಮನಸ್ಸು ಬರಲಿಲ್ಲ. ಬಯಲಿನ ಪಕ್ಕದಲ್ಲಿ ಸುಮ್ಮನೆ ಕಪ್ಪು ಗೆರೆ ನಿಲ್ಲಿಸಲೂ ಬರಲಿಲ್ಲ. ಇದ್ದದ್ದು ಇದ್ದ ಹಾಗೆ ಕಾಣಲಿ ಎಂದು ಬಿಟ್ಟೆ. ಅದು ತಪ್ಪಾಗಿದ್ದರೆ ತಪ್ಪು ನನ್ನದೇ.

ನೀವು ಬರಲಿಲ್ಲ ಎಂದು ಬೈ ಎಂದಿರಿ. ನೀವು ಬಂದಿರಿ. ಬಂದದ್ದಕ್ಕೇ ಇವತ್ತು ಈ ಕಾಗದ ಬರೆಯಲು ನಾನಿದ್ದೇನೆ. ನನಗೆ ಬೈಯಲು ಏನೂ ಇಲ್ಲ ಕಾಕಾ, ನನಗೆ ಸುಸ್ತಾಗಿದೆ ಅಷ್ಟೇ.

ಕಂಪ್ಯೂಟರ್ ಕಳಿಸಬೇಡಿ. ಕಾಕಿ ಒಬ್ಬರಿಗೆ ಅದನ್ನು ಎತ್ತಲು ಆಗುವುದಿಲ್ಲ.

ದ್ರೌಪದಿ


ಉಮರಗಾ
೧೮ ಅಕ್ಟೋಬರ್ ೨೦೧೬

ಮಗಳೇ,

ಕಂಪ್ಯೂಟರ್ ಇಲ್ಲೇ ಇದೆ. ಸಿಟ್ಟಿನಲ್ಲಿ ಬರೆದದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡ.

ಪ್ಯಾರಾ ಯಾಕೆ ಕಳಿಸಲಿಲ್ಲ ಎಂದು ನೀನು ಕೇಳಿಲ್ಲ, ಆದರೂ ಹೇಳುತ್ತೇನೆ. ಸೆಪ್ಟೆಂಬರ್ ತಿಂಗಳಿಡೀ ದಿನಾ ಬರೆಯಲು ಕೂತೆ. ಪೂಜ್ಯ ಅಣ್ಣ ಎಂಬಲ್ಲಿಂದ ಶುರು ಮಾಡಿದರೆ 'ನಿದ್ದೆಯಲ್ಲಿದ್ದಾಗಲೇ' ಎಂಬಲ್ಲಿಗೆ ಬಂದು ಪೆನ್ನು ನಿಲ್ಲುತ್ತಿತ್ತು. ಆ ಒಂದು ಮಾತು ಬಿಟ್ಟು ಬರೆಯೋಣ ಎಂದರೆ ಆ ಪ್ಯಾರಾದಲ್ಲಿ ಬೇರೆ ಏನೂ ಇಲ್ಲ. ಇಷ್ಟು ವರ್ಷ ನಾನು ಬರೆದದ್ದು ಅದೊಂದೇ ಮಾತು. ಬರೆದದ್ದು ಸತ್ತವರಿಗಲ್ಲ, ನನಗೆ.

ಆ ದಿನ ನನಗೆ ಸುದ್ದಿ ತಿಳಿದಾಗ ಬೆಳಗಾಗಿತ್ತು. ಬಸ್ಸಿರಲಿಲ್ಲ. ಸಿಕ್ಕ ಟ್ರ್ಯಾಕ್ಟರ್ ಹತ್ತಿದೆ, ಅದು ಲೋಹಾರಾದ ಆಚೆ ನಿಂತಿತು, ಅಲ್ಲಿಂದ ಓಡಿದೆ. ಹಾದಿಯಲ್ಲಿ ಎಲ್ಲಿಯೂ ಕೂರಲಿಲ್ಲ, ನೀರೂ ಕುಡಿಯಲಿಲ್ಲ. ತಡ ಮಾಡಿಲ್ಲ ಎಂದು ನೀನು ಬರೆದದ್ದನ್ನು ಎರಡಲ್ಲ, ಹತ್ತು ಸಲ ಓದಿದ್ದೇನೆ. ನಿಜ, ನಾನು ತಡ ಮಾಡಲಿಲ್ಲ. ಆದರೂ ಹೊತ್ತಾಗಿಹೋಯಿತು. ಇವೆರಡನ್ನೂ ಒಟ್ಟಿಗೆ ಇಟ್ಟುಕೊಂಡು ಬದುಕುವುದು ಹೇಗೆ ಎಂದು ನನಗೆ ತಿಳಿಯುತ್ತಿಲ್ಲ. ನೀನು ಏಳು ವರ್ಷದವಳಿಂದ ಇಟ್ಟುಕೊಂಡು ಬಂದಿದ್ದೀ. ನನ್ನ ಎದುರು ಒಂದು ದಿನವೂ ತೋರಿಸಲಿಲ್ಲ.

ನೀನು ಬರೆಯಬೇಡ. ಇನ್ನು ಯಾವ ವರ್ಷವೂ ನಿನ್ನನ್ನು ಬರೆ ಎನ್ನುವುದಿಲ್ಲ. ಈ ಸಲದ್ದು ನಾನೇ ಬರೆದಿದ್ದೇನೆ, ತಾರೀಖು ದಾಟಿದ್ದರೂ ಹಾಕು. ನಿನ್ನ ಹೆಸರು ಹಾಕಿಲ್ಲ, ಮಗಳು ಎಂದಷ್ಟೇ ಇದೆ. ಅದೂ ಬೇಡ ಅನ್ನಿಸಿದರೆ ತೆಗೆ. ನಿನ್ನ ಕಾಕಿಗೆ ಮೊದಲು ಓದಿ ಹೇಳಿದೆ. ಆಕೆ ಬಹಳ ಹೊತ್ತು ಅತ್ತು, ಕೊನೆಗೆ "ಕಳಸ್ರಿ" ಎಂದಳು. ಇದರಿಂದ ಬಲಗಡೆಯ ಕಾಲಂ ಶುರುವಾಗುತ್ತದೋ ಇಲ್ಲವೋ, ಗೆರೆ ಬರುತ್ತದೋ ಇಲ್ಲವೋ ನನಗೆ ಗೊತ್ತಾಗದು. ಬಂದರೆ ಎಷ್ಟು ದಪ್ಪ ಇರಬೇಕು ಎಂದು ನೀನೇ ನೋಡು. ತೆಳ್ಳಗಿದ್ದರೂ ನನ್ನ ತಕರಾರಿಲ್ಲ.

ಕಾಕಾ

ಪತ್ರಿಕೆಗೆ:

ಸ್ಮರಣೆ. ೩೦-೯-೧೯೯೩ರ ಭೂಕಂಪದಲ್ಲಿ ನಮ್ಮ ಅಣ್ಣ ಬಸವಣ್ಣೆಪ್ಪ ಮತ್ತು ಚಿರಂಜೀವಿ ಭೀಮಾಶಂಕರ ನಸುಕಿನಲ್ಲೇ ಲಿಂಗೈಕ್ಯರಾದರು. ವೈನಿ ಕುಸುಮಬಾಯಿ ಗೋಡೆಯ ಅಡಿಯಲ್ಲಿ ಬಿಸಿಲೇರುವವರೆಗೂ ಜೀವ ಹಿಡಿದಿದ್ದರು. ಮಗಳ ಕೈ ಹಿಡಿದು ಆಕೆಯಿಂದ ಮಗ್ಗಿ ಹೇಳಿಸುತ್ತಿದ್ದರು. ಮೈದುನ ಬರುತ್ತಾನೆ ಎಂದು ಹೇಳುತ್ತಲೇ ಇದ್ದರು. ಮೈದುನ ಬಂದಾಗ ಮಧ್ಯಾಹ್ನವಾಗಿತ್ತು.

ಮೈದುನ ವೈಜಿನಾಥ, ಉಮರಗಾ